ನಮ್ಮ ಮೂಗಿಗೂ ಗೊತ್ತು ಬ್ಯಾಕ್ಟೀರಿಯಾದ ಕೋರಂ

ಸುಡೊಮೊನಾಸ್ ಎರುಜಿನೋಸಾ ಅನ್ನೋ ಬ್ಯಾಕ್ಟೀರಿಯಾ ನಲ್ಲಿಯ ಬಾಯಲ್ಲೂ ಇರುತ್ತದೆ, ಆಸ್ಪತ್ರೆಯ ವೆಂಟಿಲೇಟರ್ ಕೊಳವೆಯಲ್ಲೂ ಇರುತ್ತದೆ. ಗಟ್ಟಿಮುಟ್ಟಾದವರಿಗೆ ಅದರ ತೊಂದರೆ ಕಡಿಮೆ. ಸುಟ್ಟಗಾಯ ಸಿಕ್ಕರೆ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವ ಶ್ವಾಸಕೋಶ ಸಿಕ್ಕರೆ ಮಾತ್ರ ಸುಲಭಕ್ಕೆ ಬಿಡುವುದಿಲ್ಲ. ಅಲ್ಲೂ ಅದಕ್ಕೆ ಅವಸರವಿಲ್ಲ. ಸಂಖ್ಯೆ ಕಡಿಮೆ ಇರುವಾಗ ತನ್ನ ಬಹುಪಾಲು ವಿಷಗಳನ್ನು ಹೊರಗೆ ತೆಗೆಯುವುದೇ ಇಲ್ಲ. ಗ್ರಾಮಸಭೆಯಲ್ಲಿ ಕೋರಂ ಆಗದೆ ಯಾವ ಠರಾವೂ ಪಾಸಾಗುವುದಿಲ್ಲ, ಅಲ್ವಾ? ಇಲ್ಲೂ ಹಾಗೇ.

ಆದರೆ ಇಲ್ಲಿ ತಲೆ ಎಣಿಸುವವರು ಯಾರೂ ಇಲ್ಲ. ಪ್ರತಿಯೊಂದು ಬ್ಯಾಕ್ಟೀರಿಯಾವೂ ಒಂದು ಪುಟ್ಟ ಅಣುವನ್ನು ಹೊರಗೆ ಬಿಡುತ್ತಲೇ ಇರುತ್ತದೆ. ಒಂಟಿಯಾಗಿದ್ದರೆ ಅದು ಹರಡಿ ಕಳೆದುಹೋಗುತ್ತದೆ. ಗುಂಪು ದಟ್ಟವಾದರೆ ಅಣು ಸುತ್ತಲೂ ಶೇಖರವಾಗಿ, ಮತ್ತೆ ಕೋಶದ ಒಳಗೆ ಬಂದು, ಒಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಗ ನೂರಾರು ಜೀನ್‌ಗಳ ಸ್ವಿಚ್ ಬದಲಾಗುತ್ತದೆ.

ಇದರ ಸುಳಿವು ಸಿಕ್ಕಿದ್ದು ಬೆಳಕು ಬೀರುವ ಸಮುದ್ರದ ಬ್ಯಾಕ್ಟೀರಿಯಾಗಳಿಂದ. ಫ್ಲಾಸ್ಕಿನಲ್ಲಿ ಅವು ಬೆಳೆಯುತ್ತಿದ್ದರೂ ಮೊದಲ ಕೆಲವು ಗಂಟೆ ಬೆಳಕು ಹೆಚ್ಚುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಜೋರಾಗುತ್ತದೆ. ನೀಲ್ಸನ್, ಪ್ಲ್ಯಾಟ್, ಹೇಸ್ಟಿಂಗ್ಸ್ ಎಂಬ ಮೂವರು 1970ರಲ್ಲಿ ಇದನ್ನು ವಿವರಿಸಿದರು. ಬ್ಯಾಕ್ಟೀರಿಯಾಗಳು ಹೀಗೆ ಒಂದಕ್ಕೊಂದು ಸಂಕೇತ ಕಳಿಸುತ್ತವೆ ಎಂದರೆ ಬಹಳ ವರ್ಷ ಹೆಚ್ಚಿನವರು ನಂಬಲಿಲ್ಲ. ಕೋರಂ ಸೆನ್ಸಿಂಗ್ ಎಂಬ ಹೆಸರು ಬಂದದ್ದೇ 1994ರಲ್ಲಿ.

ನನಗೆ ಖುಷಿ ಕೊಡುವುದು ಇದರ ಮುಂದಿನ ಕಥೆ. ಸುಡೊಮೊನಾಸ್‌ನ ಮುಖ್ಯ ಸಂಕೇತದ ಅಣುವಿಗೆ ಒಂದು ಉಂಗುರದ ತಲೆ, 12 ಕಾರ್ಬನ್ನಿನ ಜಿಡ್ಡು ಬಾಲ. ಜಿಡ್ಡು ಇರುವುದರಿಂದ ಅದು ನಮ್ಮ ಕೋಶಗಳ ಪೊರೆಯನ್ನೂ ಸಲೀಸಾಗಿ ದಾಟುತ್ತದೆ. ಒಳಗೆ ಹೋಗಿ ಸುಮ್ನೆ ಕೂರುವುದಿಲ್ಲ. ಈ ಅಣು ಇದ್ದಾಗ ಮ್ಯಾಕ್ರೋಫೇಜ್‌ಗಳು, ಅಂದರೆ ರೋಗಾಣುಗಳನ್ನು ನುಂಗುವ ನಮ್ಮ ಕಾವಲು ಕೋಶಗಳು, ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ಕಡಿಮೆ ಮಾಡುತ್ತವೆ ಎಂದು 1998ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಅಂದರೆ ತನ್ನವರಿಗೆ ಕಳಿಸಿದ ಸುದ್ದಿ ನಮ್ಮ ಕಾವಲನ್ನೂ ಮಂಕು ಮಾಡುತ್ತದೆ. ಅದೇ ಅಣು ಶ್ವಾಸನಾಳದ ಒಳಪದರದ ಕೋಶಗಳಿಗೆ ಸಿಕ್ಕರೆ ಉಲ್ಟಾ. ಅವು ಐಎಲ್-8 ಎಂಬ ಕರೆ ಸಂಕೇತ ಬಿಟ್ಟು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಯುತ್ತವೆ.

ಹಾಗಿರುವಾಗ ‘ಇಮ್ಯುನಿಟಿ ಜಾಸ್ತಿ ಮಾಡುವ’ ಪುಡಿ, ಕಷಾಯಗಳ ಜಾಹೀರಾತು ಏನು ಹೇಳುತ್ತಿದೆ? ಯಾವುದು ಜಾಸ್ತಿ? ಟಿಎನ್‌ಎಫ್ ಮಿತಿಮೀರಿದರೆ ರಕ್ತದೊತ್ತಡ ಕುಸಿದು ಜನ ಸಾಯಲೂಬಹುದು. ಯಾವ ಕೋಶ, ಯಾವ ಸಂಕೇತಕ್ಕೆ, ಎಷ್ಟು ಹೊತ್ತು ಉತ್ತರ ಕೊಟ್ಟಿತು ಎನ್ನುವುದೇ ಇಲ್ಲಿ ಎಲ್ಲ.

ಕಹಿಯ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಬಿಎಸ್ಸಿ ಜೆನೆಟಿಕ್ಸ್ ಪ್ರಾಕ್ಟಿಕಲ್‌ನಲ್ಲಿ ಪಿಟಿಸಿ ಎಂಬ ಕಹಿ ರಾಸಾಯನಿಕ ಸವರಿದ ಕಾಗದ ನೆಕ್ಕಿದವರಿಗೆ ನೆನಪಿರಬಹುದು. ಕೆಲವರು ಮುಖ ಹಿಂಡುತ್ತಾರೆ, ಕೆಲವರಿಗೆ ಬರೀ ಕಾಗದ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಟಿ2ಆರ್38 ಎಂಬ, ಕಹಿಯನ್ನು ಗುರುತಿಸುವ ರಿಸೆಪ್ಟರ್ ಪ್ರೋಟೀನು. ಇದೇ ರಿಸೆಪ್ಟರ್ ಮೂಗು, ಸೈನಸ್‌ಗಳ ಒಳಪದರದಲ್ಲೂ ಇದೆ, ಸುಡೊಮೊನಾಸ್‌ನ ಸಂಕೇತದ ಅಣುಗಳನ್ನು ಗುರುತಿಸುತ್ತದೆ ಎಂದು 2012ರಲ್ಲಿ ಗೊತ್ತಾಯಿತು. ಗುರುತಿಸಿದ ತಕ್ಷಣ ಕೋಶ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಲೋಳೆಯನ್ನು ತಳ್ಳುವ ಸೂಕ್ಷ್ಮ ಕೂದಲುಗಳ ಬಡಿತವನ್ನೂ ಚುರುಕು ಮಾಡುತ್ತದೆ. ಹಾಗಂತ ಹಾಗಲಕಾಯಿ ತಿಂದರೆ ಸೈನಸ್ ವಾಸಿಯಾಗುತ್ತದೆ ಎಂದು ಫಾರ್ವರ್ಡ್ ಮಾಡಬೇಡಿ. ಪಲ್ಯ ಹೋಗುವುದು ಹೊಟ್ಟೆಗೆ.

ಈ ಅಣು ಮ್ಯಾಕ್ರೋಫೇಜನ್ನು ಕೆರಳಿಸುತ್ತದೆಯೇ, ಮಂಕು ಮಾಡುತ್ತದೆಯೇ ಎಂಬಂಥ ಪ್ರಶ್ನೆಗೆ ಪದವಿ ವಿದ್ಯಾರ್ಥಿಗಳೂ ಕೈಹಾಕಬಹುದು. ಇಲಿಯ ಮ್ಯಾಕ್ರೋಫೇಜ್ ಕೋಶಗಳು, 37 ಡಿಗ್ರಿಯ ಇನ್‌ಕ್ಯುಬೇಟರ್, ಟಿಎನ್‌ಎಫ್ ಅಳೆಯಲು ಎಲೈಸಾ ಎಂಬ ಪರೀಕ್ಷೆಯ ಕಿಟ್, ಲ್ಯಾಬ್ ರಾಸಾಯನಿಕ ಮಾರುವವರಲ್ಲಿ ಸಿಗುವ ಶುದ್ಧ ಸಂಕೇತದ ಅಣು. ಅಣುವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಕೋಶಗಳ ಮೇಲೆ ಹಾಕಿ, ಮರುದಿನ ಅಳೆದರೆ ಆಯಿತು. ಆಯಿತೇ?

ಟಿಎನ್‌ಎಫ್ ಏರಿದರೆ ಮೊದಲು ಅನುಮಾನ ಪಡಬೇಕಾದ್ದು ಎಂಡೋಟಾಕ್ಸಿನ್ ಮೇಲೆ. ಇದು ಗ್ರಾಂ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳ ಹೊರಪೊರೆಯ ಚೂರು. ಒಂದು ಮಿಲಿಲೀಟರಿನಲ್ಲಿ ಒಂದು ನ್ಯಾನೊಗ್ರಾಂ ಇದ್ದರೂ ಮ್ಯಾಕ್ರೋಫೇಜ್ ಕೆರಳುತ್ತದೆ. ಆಟೋಕ್ಲೇವ್ ಮಾಡಿದರೂ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿದರೂ, ಪೂರ್ತಿ ಹೋಗುವುದಿಲ್ಲ. ಗಾಜಿನ ಸಾಮಾನನ್ನು ಒಣಗಾಳಿಯಲ್ಲಿ 250 ಡಿಗ್ರಿಗೆ ಅರ್ಧ ಗಂಟೆ ಕಾಯಿಸಬೇಕು. ಇಂಜೆಕ್ಷನ್ ಆದ ಮೇಲೆ ಚಳಿಜ್ವರ ಬರುವುದೇಕೆ ಎಂದು ಹುಡುಕುತ್ತಿದ್ದ ಅಮೆರಿಕದ ಫ್ಲಾರೆನ್ಸ್ ಸೀಬರ್ಟ್ 1923ರಲ್ಲಿ ಕಂಡದ್ದು ಇದನ್ನೇ. ಭಟ್ಟಿ ಇಳಿಸಿದ ನೀರಲ್ಲೂ ಬ್ಯಾಕ್ಟೀರಿಯಾಗಳ ಜ್ವರಕಾರಕ ಉಳಿದಿತ್ತು. ಇದನ್ನು ಪತ್ತೆಹಚ್ಚಲು ಮುಂದೆ ಬಂದ ಪರೀಕ್ಷೆಗೆ ಹಾರ್ಸ್‌ಶೂ ಏಡಿಯ ನೀಲಿ ರಕ್ತವೇ ಆಧಾರ. ಎಂಡೋಟಾಕ್ಸಿನ್ ಸೋಕಿದರೆ ಅದು ಹೆಪ್ಪುಗಟ್ಟುತ್ತದೆ. ಬಡ ಏಡಿಗೆ ಅದು ಗಾಯ ಮುಚ್ಚಿಕೊಳ್ಳುವ ಉಪಾಯ, ನಮಗೆ ಔಷಧ ಪರೀಕ್ಷೆ! ಕಾಲೇಜಿನಲ್ಲಿ ಇನ್ನೊಂದು ಸುಲಭ ದಾರಿ ಇದೆ. ಎಂಡೋಟಾಕ್ಸಿನ್ನಿಗೆ ಅಂಟಿಕೊಳ್ಳುವ ಪಾಲಿಮಿಕ್ಸಿನ್ ಬಿ ಹಾಕಿ ನೋಡಿ. ಟಿಎನ್‌ಎಫ್ ಮಾಯವಾದರೆ ಕೋಶ ಕೆರಳಿದ್ದು ನಿಮ್ಮ ಅಣುವಿಗಲ್ಲ, ಕೊಳೆಗೆ.

ಅಣು ಕಾವಲನ್ನು ಮಂಕು ಮಾಡುತ್ತದೆಯೇ ಎಂದು ನೋಡಲು ಬೇಕಂತಲೇ ಎಂಡೋಟಾಕ್ಸಿನ್ ಹಾಕಿ ಕೋಶವನ್ನು ಕೆರಳಿಸಿ, ಟಿಎನ್‌ಎಫ್ ಇಳಿಯಿತೇ ಎಂದು ಅಳೆಯಬೇಕು. ಆಗ ತಕರಾರು ಬೇರೆ. ಡೋಸ್ ಜಾಸ್ತಿಯಾದರೆ ಈ ಅಣು ಮ್ಯಾಕ್ರೋಫೇಜನ್ನೇ ಕೊಲ್ಲುತ್ತದೆ. ಸತ್ತ ಕೋಶ ಟಿಎನ್‌ಎಫ್ ಎಲ್ಲಿಂದ ಮಾಡೀತು? ಜೀವಂತ ಕೋಶ ಎಷ್ಟಿವೆ ಎಂದು ಎಂಟಿಟಿ ಪರೀಕ್ಷೆಯಲ್ಲಿ ನೋಡದೆ ಗ್ರಾಫ್ ಬರೆದರೆ ಆ ಗ್ರಾಫಿಗೆ ಬೆಲೆಯಿಲ್ಲ.

ಇನ್ನೊಂದು, ಬಹಳ ಜನ ಮರೆಯುವಂಥದ್ದು. ಅಣುವಿನ ಉಂಗುರ ಕ್ಷಾರದಲ್ಲಿ ಒಡೆಯುತ್ತದೆ. ಕೋಶಗಳಿಗೆ ಹಾಕುವ ಕೆಂಪು ದ್ರವವನ್ನು ಇನ್‌ಕ್ಯುಬೇಟರಿನ ಹೊರಗೆ ತೆರೆದಿಟ್ಟು ಟೀ ಕುಡಿಯಲು ಹೋದರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ದ್ರವ ಕ್ಷಾರವಾಗುತ್ತದೆ. ಬಣ್ಣ ಕೆನ್ನೇರಳೆಗೆ ತಿರುಗುವುದೇ ಅದರ ಗುರುತು. ಹೀಗೆ ಬಿಟ್ಟ ಅಣುವಿನಿಂದ ‘ಪರಿಣಾಮವೇ ಇಲ್ಲ’ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಒಡೆದ ಉಂಗುರದಿಂದ ಉಪಯೋಗವೂ ಇದೆ. ಬೇಕಂತಲೇ ಕ್ಷಾರದಲ್ಲಿ ಒಡೆದು, ಆಮೇಲೆ ಕ್ಷಾರವನ್ನಷ್ಟೇ ಹದಕ್ಕೆ ತಂದು, ಆ ಒಡೆದ ಅಣುವನ್ನು ಕೋಶಗಳಿರುವ ಪ್ಲೇಟಿನ ಒಂದು ಸಾಲಿಗೆ ಹಾಕಬೇಕು. ಅಲ್ಲೂ ಟಿಎನ್‌ಎಫ್ ಅಷ್ಟೇ ಇಳಿದಿದ್ದರೆ, ಇಳಿಸಿದ್ದು ಸಂಕೇತವಲ್ಲ, ಬೇರೇನೋ.