ರಾಜೀನಾಮೆಗೆ ಮೊದಲು ನಿದ್ದೆ

ಕೆಲಸ ಬಿಡುವುದೆಂದು ತೀರ್ಮಾನ ಮಾಡಿಕೊಂಡೇ ನನ್ನ ಕ್ಲಿನಿಕ್ಕಿಗೆ ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಅವರಿಗೆ ಬೇಕಿರುವುದು ಸಲಹೆಯಲ್ಲ, ಒಪ್ಪಿಗೆ. "ನೀವೊಂದು ಮಾತು ಹೇಳಿದ್ರೆ ಮನೇಲಿ ಕೇಳ್ತಾರೆ ಡಾಕ್ಟ್ರೇ" ಅನ್ನುತ್ತಾರೆ. ಬರೀ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಅಂದುಕೊಳ್ಳಬೇಡಿ. ಅವರೂ ವಾರದ ಕೊನೆಗೆ ರೈಲು ಹತ್ತಿ ಬರುತ್ತಾರೆ, ನಿಜ. ಆದರೆ ಇದೇ ದಾವಣಗೆರೆಯ ಖಾಸಗಿ ಕಾಲೇಜುಗಳ ಲೆಕ್ಚರರ್‌ಗಳು, ನರ್ಸಿಂಗ್ ಹೋಮಿನ ನರ್ಸ್‌ಗಳು, ಮೆಡಿಕಲ್ ರೆಪ್‌ಗಳು, ಬ್ಯಾಂಕಿನವರು, ಸಾಲ ವಸೂಲಿಗೆ ಹಳ್ಳಿ ಸುತ್ತುವ ಫೈನಾನ್ಸ್ ಹುಡುಗರು, ಇವರೇನೂ ಕಮ್ಮಿ ಇಲ್ಲ.

ಎಲ್ಲರಿಗೂ ನಾನು ಮೊದಲು ಹೇಳುವುದು ಒಂದೇ. ಕೆಲಸ ಬಿಡಿ, ಬೇಡ ಅನ್ನಲ್ಲ. ಆದರೆ ಸುಸ್ತಾಗಿ ಕುಸಿದಿರುವಾಗ ಬದುಕಿನ ದಾರಿ ಆರಿಸಬೇಡಿ. ಮೊದಲು ಒಂದಷ್ಟು ದಿನ ನಿದ್ದೆ ಮಾಡಿ. ಸಂಬಳವಿಲ್ಲದ ರಜೆಯಾದರೂ ಪರವಾಗಿಲ್ಲ, ತಗೊಳ್ಳಿ.

ಇದು ಉಡಾಫೆ ಮಾತಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟ ತಲೆಗೆ ಎರಡೇ ದಾರಿ ಕಾಣುತ್ತವೆ: ಇಲ್ಲೇ ಸಾಯೋದು, ಇಲ್ಲ ನಾಳೆ ಬೆಳಿಗ್ಗೆ ಎದ್ದು ಹೊರಡೋದು. ನಡುವೆ ಇರುವ ಹತ್ತಾರು ದಾರಿ ಕಣ್ಣಿಗೇ ಬೀಳುವುದಿಲ್ಲ. ಬೇರೆ ಟೀಮು, ಬೇರೆ ಊರು, ಅರ್ಧ ದಿನದ ಕೆಲಸ, ಆರು ತಿಂಗಳು ತಡೆದು ಬಿಡುವುದು, ಇವೆಲ್ಲ ನಿದ್ದೆ ಆದಮೇಲೆ ನೆನಪಾಗುವ ವಿಷಯಗಳು.

ಕೆಲಸದ ಒತ್ತಡದಿಂದ ಹೀಗೆ ಬಸವಳಿದು ಹೋಗುವುದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ಅದರ ಬಗ್ಗೆ ತಜ್ಞರು ಬರೆಯತೊಡಗಿ ಅರ್ಧ ಶತಮಾನವಾಯಿತು. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಇದರ ಬಗ್ಗೆ ಬರೆದಾಗ ಅವರ ಕಣ್ಣೆದುರು ಇದ್ದವರು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರು. ಸೋಮಾರಿಗಳಲ್ಲ, ಕೆಲಸದ ಮೇಲೆ ಪ್ರೀತಿ ಇದ್ದವರೇ. ಈಗ ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳನ್ನು ವರ್ಗೀಕರಿಸುವ ಐಸಿಡಿ-11 ಪಟ್ಟಿಯಲ್ಲೂ ಇದು ಇದೆ. 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಆದರೆ ಅಲ್ಲಿ ಇದನ್ನು ಕಾಯಿಲೆ ಅಂತ ಕರೆದಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ತೊಂದರೆ ಅಂತ ಸೇರಿಸಿದ್ದಾರೆ. ಲಕ್ಷಣ ಮೂರು. ಶಕ್ತಿಯೆಲ್ಲ ಬಸಿದು ಹೋದ ಹಾಗೆ ಸುಸ್ತು. ಕೆಲಸ ಅಂದ್ರೆ ಜಿಗುಪ್ಸೆ. ಎಷ್ಟು ಮಾಡಿದರೂ ನನ್ನಿಂದ ಏನೂ ಆಗ್ತಿಲ್ಲ ಅನ್ನಿಸುವುದು.

ಇಲ್ಲೇ ನಾನು ಜಾಸ್ತಿ ಹೊತ್ತು ನಿಲ್ಲುವುದು. ಯಾಕಂದ್ರೆ ಇದೇ ಲಕ್ಷಣ ಖಿನ್ನತೆಯಲ್ಲೂ ಇರುತ್ತವೆ. ಹಾಗಾಗಿ ಕೇಳುತ್ತೇನೆ: ರಜೆಯ ದಿನ ಹೇಗಿರ್ತೀರಿ? ಮಗಳ ಜೊತೆ ಕುಂದುವಾಡ ಕೆರೆ ಹತ್ತಿರ ಹೋದರೆ ಖುಷಿ ಆಗುತ್ತಾ? ಗೆಳೆಯರು ಸಿಕ್ಕಿ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟರೆ ರುಚಿ ಹತ್ತುತ್ತಾ? ಹತ್ತುತ್ತೆ, ಭಾನುವಾರ ಸಂಜೆ ಮಾತ್ರ ಎದೆ ಭಾರ ಆಗುತ್ತೆ ಅಂದರೆ ಕೆಲಸದ ಕಡೆ ನೋಡಬೇಕು. ಯಾವುದರಲ್ಲೂ ರುಚಿ ಇಲ್ಲ, ಎರಡು ವಾರಕ್ಕಿಂತ ಜಾಸ್ತಿ ದಿನ ಹೀಗೇ ಇದೆ, ಸತ್ತರೆ ಸಾಕು ಅನ್ನಿಸುತ್ತೆ ಅಂದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಬೇಕು, ರಾಜೀನಾಮೆ ಅಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಶುಗರ್ ಪರೀಕ್ಷೆ ಬರೆದುಕೊಡುತ್ತೇನೆ. ಥೈರಾಯ್ಡ್ ಕಮ್ಮಿಯಾಗಿ ಬಂದ ಸುಸ್ತಿಗೆ ಬಾಸನ್ನು ಬೈದರೆ ಏನು ಬಂತು?

ಇಷ್ಟೆಲ್ಲ ಆಗಿ, ತೊಂದರೆ ಕೆಲಸದ್ದೇ ಅಂತ ಖಾತ್ರಿಯಾಯಿತು ಅನ್ನಿ. ಆಗ ಕೆಲಸದಲ್ಲಿ ಯಾವುದು ಅಂತ ಹುಡುಕಬೇಕು. ಬರ್ನ್‌ಔಟ್ ಬಗ್ಗೆ ಸಂಶೋಧನೆ ಮಾಡಿದ ಮನಶ್ಶಾಸ್ತ್ರಜ್ಞರಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಇದಕ್ಕೆ ಆರು ಜಾಗ ಗುರುತಿಸಿದ್ದಾರೆ: ಕೆಲಸದ ಹೊರೆ, ನಮ್ಮ ಕೆಲಸದ ಮೇಲೆ ನಮಗಿರುವ ಹಿಡಿತ, ಸಿಗುವ ಪ್ರತಿಫಲ, ಜೊತೆಗಿರುವ ಜನ, ನ್ಯಾಯ, ಕೊನೆಗೆ ನಮಗೆ ಸರಿ ಅನ್ನಿಸುವ ಮೌಲ್ಯ. ನಮ್ಮಲ್ಲಿ ಎಲ್ಲರೂ ಹೊರೆಯನ್ನೇ ದೂರುತ್ತಾರೆ. ಎಷ್ಟೋ ಸಲ ಅಸಲು ಕಾರಣ ಬೇರೆ ಇರುತ್ತದೆ.

ಹರಿಹರ ಕಡೆಯ ಒಬ್ಬ ಹುಡುಗ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಮಹಿಳಾ ಸಂಘಗಳ ಸಾಲದ ಕಂತು ವಸೂಲಿ ಮಾಡುತ್ತಿದ್ದ. ಫೋನ್ ರಿಂಗಾದರೆ ಬೆವರುತ್ತಿದ್ದ. ಕೊನೆಗೆ ಫೋನನ್ನೇ ಬಟ್ಟೆಯಲ್ಲಿ ಸುತ್ತಿ ಬೈಕಿನ ಬಾಕ್ಸಿಗೆ ಹಾಕಿ ಬೀಗ ಹಾಕುತ್ತಿದ್ದನಂತೆ. "ಬಿಸಿಲಾಗ ಎಷ್ಟು ಊರು ಬೇಕಾದ್ರೂ ತಿರುಗ್ತೀನ್ರೀ. ಆದ್ರ ಮನಿ ಮುಂದ ನಿಂತು ಆ ಅಮ್ಮನ್ನ ಕಂತು ಕೇಳಾಕ ಆಗಂಗಿಲ್ರೀ" ಅಂದ. ಅವನಿಗೆ ಹೊರೆ ಸಮಸ್ಯೆಯೇ ಆಗಿರಲಿಲ್ಲ, ಮೌಲ್ಯದ್ದು. ವಸೂಲಿ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತಲ್ಲ, ಆಗ ಎಲ್ಲರೂ ಸಾಲಗಾರರ ಕಷ್ಟ ಮಾತಾಡಿದರು. ಮೇಲಿನವರ ಟಾರ್ಗೆಟ್ಟಿಗೂ ಕೆಳಗಿನವರ ಕಣ್ಣೀರಿಗೂ ನಡುವೆ ಸಿಕ್ಕ ಈ ಹುಡುಗರನ್ನು ಯಾರೂ ಕೇಳಲಿಲ್ಲ. ಇಂಥವರಿಗೆ ಹದಿನೈದು ದಿನ ರಜೆ ಕೊಟ್ಟರೆ ಹದಿನಾರನೇ ದಿನ ಮತ್ತೆ ಬೆವರು. ಆತ ಕೆಲಸ ಬಿಟ್ಟ. ಬಿಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಈಗ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಸಂಬಳ ಕಮ್ಮಿ, ಅದೇ ಜನ, ಅದೇ ಹಳ್ಳಿಗಳು.

ಅದೇ ಹೊರೆಯೊಂದೇ ಕಾರಣ ಆಗಿದ್ದರೆ ನಾನು ರಾಜೀನಾಮೆ ತಡೆದು ನೋಡಿ ಅನ್ನುತ್ತೇನೆ.

ಇನ್ನು ಸ್ವಂತ ದಾರಿಯ ಕನಸು. ನಮ್ಮ ಕಡೆ ಇದು ಎರಡು ರೂಪದಲ್ಲಿ ಬರುತ್ತದೆ: ಅಡಿಕೆ ತೋಟ ಇಲ್ಲವೇ ಬೆಣ್ಣೆ ದೋಸೆ ಹೋಟೆಲು. ತೋಟದ ಕನಸು ಕಾಣುವವರಿಗೆ ಚನ್ನಗಿರಿ ಕಡೆ ಒಂದು ಬೇಸಿಗೆ ಕಳೆದು ಬನ್ನಿ ಅನ್ನುತ್ತೇನೆ. ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ಬೋರ್ ಬತ್ತಿದಾಗ ಟ್ಯಾಂಕರ್ ನೀರು ಹಾಕಿಸಿ ಮರ ಉಳಿಸಿಕೊಂಡವರನ್ನು ಮಾತಾಡಿಸಿ. ಭದ್ರಾ ನಾಲೆಯ ಕೊನೆ ಭಾಗದಲ್ಲಿ ಜಮೀನಿದ್ದರೆ ನೀರಿಗಾಗಿ ಕಾಯುವುದೇ ಒಂದು ಉದ್ಯೋಗ. ಬಾಸಿನ ಕಾಟ ಸಾಕಾಗಿ ಬಂದವರು ಮಳೆಯ ಕಾಟಕ್ಕೆ ತಯಾರಿದ್ದಾರಾ ಅಂತ ಮೊದಲೇ ನೋಡಿಕೊಳ್ಳುವುದು ವಾಸಿ.

ಹೋಟೆಲಿನ ವಿಷಯಕ್ಕೆ ಬಂದರೆ, ಬೆಂಗಳೂರಿನ ಒಬ್ಬ ಎಂಜಿನಿಯರ್‌ಗೆ ಸಂಬಂಧಿಕರ ದೋಸೆ ಹೋಟೆಲಿನಲ್ಲಿ ರಜೆ ಪೂರ್ತಿ ನಿಂತು ಬನ್ನಿ ಅಂದೆ. ತಿನ್ನುವವನಾಗಿ ಅಲ್ಲ, ಕೆಲಸದವನಾಗಿ. ಬೆಳಗಿನ ಜಾವ ಎದ್ದು, ಅಕ್ಕಿ ಉದ್ದಿನ ಜೊತೆ ಮಂಡಕ್ಕಿ ರುಬ್ಬಿದ ಹಿಟ್ಟು ಹೊತ್ತು, ಸೌದೆ ಒಲೆಯ ಹೊಗೆಗೆ ಮುಖ ಕೊಟ್ಟು, ಕಾವಲಿ ಮುಂದೆ ನಿಂತ. ಕೂಲಿಯವನೊಬ್ಬ ಹೇಳದೆ ಕೇಳದೆ ಕೈಕೊಟ್ಟ ದಿನ ತಟ್ಟೆಯನ್ನೂ ತೊಳೆದ. ಮತ್ತೆ ಬಂದಾಗ ನಗುತ್ತಿದ್ದ. "ದೋಸೆ ಹಾಕೋದು ನನ್ನ ಕೈಲಾಗಲ್ಲ ಸರ್. ಆದ್ರೆ ಅಷ್ಟು ದಿನಾನೂ ರಾತ್ರಿ ಚೆನ್ನಾಗಿ ನಿದ್ದೆ ಬಂತು" ಅಂದ. ಸ್ಕ್ರೀನ್ ಇಲ್ಲದ, ಸಂಜೆಗೆ ಮುಗಿದು ಹೋಗುವ ಕೆಲಸ ಅವನಿಗೆ ಬೇಕಿತ್ತು. ಹೋಟೆಲೇ ಆಗಬೇಕು ಅಂತೇನಿರಲಿಲ್ಲ. ಆತ ಈಗಲೂ ಎಂಜಿನಿಯರ್ರೇ. ರಾತ್ರಿ ಕಾಲ್‌ಗಳಿಲ್ಲದ ಚಿಕ್ಕ ಕಂಪನಿಯಲ್ಲಿದ್ದಾನೆ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಇದು ನನ್ನ ಕ್ಷೇತ್ರ ಅಲ್ಲ. ಐದು ವರ್ಷ ತುಂಬುವ ಮೊದಲೇ ಪಿಎಫ್ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಖಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುವುದಕ್ಕೂ ಐದು ವರ್ಷದ ಲೆಕ್ಕವೇ. ಎರಡು ತಿಂಗಳು ತಡೆದಿದ್ದರೆ ಸಿಗುತ್ತಿದ್ದ ದುಡ್ಡನ್ನು ಸಿಟ್ಟಿನಲ್ಲಿ ಬಿಟ್ಟು ಬಂದವರಿದ್ದಾರೆ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಅಪ್ಪ ಅಮ್ಮನಿಗೆ ಬಿಪಿ, ಶುಗರ್ ಇದ್ದರೆ ಕೆಲಸದಲ್ಲಿ ಇರುವಾಗಲೇ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳುವ ದಾರಿ ಕೇಳಿ.

ಕಷ್ಟದ ಮಾತುಕತೆ ಮನೆಯಲ್ಲಿ. ಮಕ್ಕಳು ಅಪ್ಪನನ್ನು ಹಳೇ ಕಾಲದವರು ಅಂತ ತಳ್ಳಿಹಾಕುತ್ತಾರೆ. ಒಂದು ಸಂಗತಿ ಮರೆಯಬಾರದು. ನಮ್ಮ ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಆ ತಲೆಮಾರು ಕಣ್ಣಾರೆ ಕಂಡಿದೆ. ಇದ್ದಕ್ಕಿದ್ದಂತೆ ಕೆಲಸ ಹೋದ ಮನೆಗಳಲ್ಲಿ ಬೆಳೆದವರು, ಇರುವ ಕೆಲಸವನ್ನು ಕೈಯಾರೆ ಬಿಡುತ್ತೇನೆ ಅನ್ನುವ ಮಗನ ಎದುರು ಕೂತು ಗಾಬರಿಯಾಗುವುದು ಸಹಜ ಅಲ್ವಾ? ಅವರಿಗೆ ಬರ್ನ್‌ಔಟ್ ಬಗ್ಗೆ ಪಾಠ ಮಾಡಬೇಡಿ. ಎಷ್ಟು ತಿಂಗಳಿಗೆ ದುಡ್ಡಿದೆ, ಮನೆ ಸಾಲದ ಕಂತು ಯಾರು ಕಟ್ಟುತ್ತಾರೆ, ಯಾವ ತಿಂಗಳವರೆಗೆ ನೋಡಿ ಮತ್ತೆ ಕೆಲಸ ಹುಡುಕುತ್ತೀರಿ, ಇದನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿ. ಆ ಹಾಳೆ ನೋಡಿ ದನಿ ಇಳಿಸಿದ ಅಪ್ಪಂದಿರನ್ನು ನನ್ನ ಕ್ಲಿನಿಕ್ಕಿನಲ್ಲೇ ನೋಡಿದ್ದೇನೆ.

ಬಿಟ್ಟ ಮೇಲೆ ಮೊದಲ ಕೆಲವು ವಾರ ಹಗುರ. ಆಮೇಲೆ ಎರಡನೇ, ಮೂರನೇ ತಿಂಗಳಲ್ಲಿ ಮನಸ್ಸು ಧೊಪ್ಪನೆ ಕುಸಿಯುವುದುಂಟು. ಬೆಳಿಗ್ಗೆ ಏಳಲು ಕಾರಣ ಇರಲ್ಲ, ಫೋನ್ ಬರಲ್ಲ, ಬ್ಯಾಂಕ್ ಮೆಸೇಜೂ ಬರಲ್ಲ. ತಪ್ಪು ಮಾಡಿಬಿಟ್ಟೆ ಅನ್ನಿಸಿ ಸಿಕ್ಕ ಮೊದಲ ಕೆಲಸಕ್ಕೆ ಓಡುವುದು ಆಗಲೇ. ಅದಕ್ಕೇ ಏಳುವ ಹೊತ್ತು, ನಡೆಯುವ ಹೊತ್ತು, ಹೊಸದನ್ನು ಕಲಿಯುವ ಹೊತ್ತು ಮೊದಲ ದಿನದಿಂದಲೇ ಗೊತ್ತು ಮಾಡಿಕೊಳ್ಳಿ. ಆ ಮೂರನೇ ತಿಂಗಳಿಗೆ ನನ್ನಲ್ಲಿ ಒಂದು ಅಪಾಯಿಂಟ್‌ಮೆಂಟ್ ಮೊದಲೇ ಬರೆಸಿ ಹೋಗಿ ಅನ್ನುತ್ತೇನೆ. ಮದುವೆ ಮನೆಗಳಲ್ಲಿ ಹೇಳಲು ಒಂದು ವಾಕ್ಯವನ್ನೂ ಮನೆಯವರೆಲ್ಲ ಕೂತು ಸಿದ್ಧ ಮಾಡಿಕೊಳ್ಳಿ. "ಹುಡುಗ ಈಗ ಏನ್ ಮಾಡ್ಕೊಂಡಿದಾನೆ?" ಅಂತ ಊಟದ ಎಲೆ ಮುಂದೆಯೇ ಕೇಳುವವರಿದ್ದಾರೆ. "ರಜೆ ಮೇಲೆ ಬಂದಾನೆ" ಅಂತ ಅಮ್ಮ ಸುಳ್ಳು ಹೇಳಿದರೆ ಮುಂದಿನ ಮದುವೆಯಲ್ಲಿ ಅದಕ್ಕೆ ಇನ್ನೊಂದು ಸುಳ್ಳು ಸೇರಿಸಬೇಕು. "ಆ ಕೆಲಸ ಬಿಟ್ಟಾನೆ, ಬೇರೆ ನೋಡ್ತಿದಾನೆ" ಅಂದರೆ ಅಲ್ಲಿಗೆ ಮುಗಿಯಿತು, ಮಾತು ಹುಡುಗಿ ನೋಡುವ ವಿಷಯಕ್ಕೆ ಹೋಗುತ್ತದೆ. ಅದಕ್ಕೆ ನನ್ನ ಬಳಿ ಔಷಧಿ ಇಲ್ಲ.