ಲೇಬರ್ ಲಾ ಬದಲಾದ್ರೆ ಆಡಿಟರ್ ಹೇಳ್ತಾರೆ ಬಿಡಿ ಅಂತ ಕೂತ್ರೆ ಆಗುತ್ತಾ?

ಪ್ರಶ್ನೆ: ಬೆಂಗಳೂರಲ್ಲಿ ನಮ್ದು 18 ಜನರ ಸಣ್ಣ ಯೂನಿಟ್ ಸರ್. ಇಎಸ್‌ಐ (ನೌಕರರ ವಿಮೆ), ಪಿಟಿ (ವೃತ್ತಿ ತೆರಿಗೆ) ಎಲ್ಲಾ ಆಡಿಟರೇ ನೋಡ್ಕೋತಾರೆ. ಕಾನೂನು ಬದಲಾದ್ರೆ ಅವರೇ ಹೇಳ್ತಾರಲ್ವಾ, ನಾನೂ ತಲೆ ಕೆಡಿಸ್ಕೋಬೇಕಾ?

ಉತ್ತರ: ಸ್ವಲ್ಪ ಕೆಡಿಸ್ಕೋಬೇಕು ಸರ್. ಆಡಿಟರ್‌ಗೆ ನಿಮ್ಮಂಥ ಕ್ಲೈಂಟ್ ಎಷ್ಟೋ ಜನ, ಆದ್ರೆ ನೋಟಿಸ್ ಬಂದ್ರೆ ಅದರ ಮೇಲೆ ಇರೋದು ನಿಮ್ಮ ಹೆಸರು.

ದೊಡ್ಡ ಬದಲಾವಣೆ ಹೇಗೂ ಕಿವಿಗೆ ಬೀಳುತ್ತೆ. 2019-20ರಲ್ಲೇ ಪಾಸಾಗಿದ್ದ ನಾಲ್ಕು ಲೇಬರ್ ಕೋಡ್ "ಮುಂದಿನ ತಿಂಗಳು ಬರುತ್ತಂತೆ" ಅಂತ ಐದು ವರ್ಷ ಕೇಳಿ ಕೇಳಿ ಸಾಕಾಗಿತ್ತು, ಕೊನೆಗೆ 2025ರ ನವೆಂಬರ್ 21ರಂದು 29 ಹಳೇ ಕಾನೂನುಗಳ ಜಾಗಕ್ಕೆ ಬಂದೇ ಬಿಡ್ತು, ಅವತ್ತು ನ್ಯೂಸಲ್ಲೆಲ್ಲಾ ಅದೇ. ಕಾಲಿಗೆ ತೊಡರೋದು ಸದ್ದಿಲ್ಲದೆ ಬರೋ ಚಿಕ್ಕವು. ಕರ್ನಾಟಕದಲ್ಲಿ 2025ರ ಏಪ್ರಿಲ್‌ನಿಂದ, 25,000 ಮತ್ತು ಅದಕ್ಕಿಂತ ಜಾಸ್ತಿ ಸಂಬಳ ಇರೋರಿಗೆ ಫೆಬ್ರವರಿ ಒಂದು ತಿಂಗಳು ಮಾತ್ರ ಪಿಟಿ 200 ಅಲ್ಲ, 300. ನಾನು ಸಂಬಳದ ಶೀಟಲ್ಲಿ ಪಿಟಿ ಕಾಲಂಗೆ 200 ಅಂತ ಹೊಡೆದು ಕೆಳಗಿನವರೆಗೂ ಎಳೆದಿದ್ದೆ, ಸಂಬಳ ಹೋದ್ಮೇಲೆ ನೆನಪಾಯ್ತು, ತಲಾ ನೂರು ರೂಪಾಯಿ ಕೈಯಿಂದ್ಲೇ ಹೋಯ್ತು. ಮಿನಿಮಮ್ ವೇಜಸ್‌ನ ತುಟ್ಟಿಭತ್ಯೆನೂ ಹಾಗೇ, ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತೆ, ಯಾರೂ ಫೋನ್ ಮಾಡಿ ಹೇಳಲ್ಲ.

ಇನ್ನೊಂದು, ಇದನ್ನ ತುಂಬಾ ಜನ ಯೋಚ್ನೆನೇ ಮಾಡಲ್ಲ: ಕಾನೂನು ಇದ್ದಲ್ಲೇ ಇದ್ರೂ ನಿಮ್ಮ ಹಾಜರಿ ಪುಸ್ತಕ ಬೆಳೆದ್ರೆ ನಿಮಗೆ ರೂಲ್ಸ್ ಬದಲಾಗುತ್ತೆ. 10 ಜನ ದಾಟಿರೋದ್ರಿಂದ ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದೋರಿಗೆ ಕೆಲಸ ಬಿಡುವಾಗ ಕೊಡೋ ಇಡಿಗಂಟು) ನಿಮಗೆ ಈಗಾಗ್ಲೇ ಇದೆ, ಲೈಂಗಿಕ ಕಿರುಕುಳದ ದೂರು ಕೇಳೋಕೆ ಆಂತರಿಕ ಸಮಿತಿನೂ ಇರ್ಬೇಕು (ಇದೆಯಾ?). ಇನ್ನಿಬ್ರು ಸೇರಿ 20 ಆದ್ರೆ ಪಿಎಫ್, ಬೋನಸ್. ಆಮೇಲೆ ಇಬ್ರು ಬಿಟ್ಟು ಹೋದ್ರೂ ಪಿಎಫ್ ನಿಲ್ಸೋಕಾಗಲ್ಲ. 20ನೇ ಆಫರ್ ಲೆಟರ್‌ಗೆ ಸೈನ್ ಮಾಡೋ ದಿನ ಆಡಿಟರ್‌ಗೆ ಫೋನ್ ಮಾಡ್ಬೇಕಾದೋರು ನೀವೇ, ನಿಮ್ಮಲ್ಲಿ ಯಾರು ಸೇರಿದ್ರು ಅಂತ ಅವರಿಗೇನು ಗೊತ್ತು?

ವಾಟ್ಸಾಪ್ ಫಾರ್ವರ್ಡ್ ನೋಡಿ ಗಾಬರಿ ಆಗ್ಬೇಡಿ, ಹಾಗಂತ ಡಿಲೀಟೂ ಮಾಡ್ಬೇಡಿ. ಪಿಡಿಎಫ್ ತೆಗೆದು ಕರಡು ಅಧಿಸೂಚನೆನಾ ಅಂತಿಮನಾ ಅಂತ ನೋಡಿ. ಕರಡು ಅಂದ್ರೆ ಆಕ್ಷೇಪಣೆ ಹಾಕೋಕೆ ಟೈಮ್ ಇದೆ, ಇನ್ನೂ ಕಾನೂನಾಗಿಲ್ಲ. ಅಂತಿಮ ಆಗಿದ್ರೆ ಹೊರಡಿಸಿದ ದಿನ ಬಿಟ್ಟು ಯಾವತ್ತಿಂದ ಜಾರಿ ಅನ್ನೋ ಸಾಲು ಹುಡುಕಿ. ತಿಂಗಳಿಗೊಮ್ಮೆ ಸಂಬಳ ಹಾಕೋಕೆ ಮುಂಚೆ ಕಾರ್ಮಿಕ ಇಲಾಖೆ, ಇಎಸ್‌ಐಸಿ ಸೈಟ್ ಮೇಲೆ ಒಂದು ಹತ್ತು ನಿಮಿಷ ಕಣ್ಣಾಡಿಸಿದ್ರೆ ಸಾಕು.

ಸದ್ಯಕ್ಕೆ ಆಡಿಟರ್ ಹತ್ರ ಎರಡು ವಿಷಯ ಕೇಳಿ. ಹೊಸ ಕೋಡ್ ಪ್ರಕಾರ ಅಲೋಯನ್ಸ್‌ಗಳು ಒಟ್ಟು ಸಂಬಳದ ಅರ್ಧ ದಾಟಿದ್ರೆ ದಾಟಿದ್ದು ವೇಜಸ್‌ಗೇ (ಗ್ರಾಚ್ಯುಟಿಯಂಥದ್ದನ್ನ ಲೆಕ್ಕ ಹಾಕೋ ಸಂಬಳಕ್ಕೆ) ಸೇರುತ್ತೆ, ಅಂದ್ರೆ 30,000ದಲ್ಲಿ ಬೇಸಿಕ್ 10,000 ಇಟ್ಟು ಉಳಿದಿದ್ದನ್ನ ಎಚ್‌ಆರ್‌ಎ, ಕನ್ವೇಯನ್ಸ್ ಅಂತ ತೋರಿಸಿದ್ರೂ ಗ್ರಾಚ್ಯುಟಿ ಲೆಕ್ಕಕ್ಕೆ 15,000 ಹಿಡೀಬೇಕು, ನಿಮ್ಮ ಶೀಟಲ್ಲಿ ಹೇಗಿದೆ ಅಂತ ಕೇಳಿ. ಮತ್ತೆ ಕೆಲಸ ಬಿಟ್ಟೋರ ಬಾಕಿ ಸಂಬಳ ಎರಡು ವರ್ಕಿಂಗ್ ಡೇಸ್ ಒಳಗೆ ಕೊಡ್ಬೇಕು. "ಮುಂದಿನ ತಿಂಗಳ ಸಂಬಳದ ಜೊತೆ ಹಾಕ್ತೀವಿ" ಅನ್ನೋ ಡೈಲಾಗ್ ಇನ್ಮೇಲೆ ನಡೆಯಲ್ಲ.