ದುಬೈಯಿಂದ ಕ್ಯಾಲ್ಗರಿಗೆ: ದಪ್ಪ ಜಾಕೆಟ್ ಇಲ್ಲಿಂದಲೇ ಕೊಂಡೊಯ್ಯಬೇಕಾ?

ಪ್ರಶ್ನೆ: ನಾವು ಮಂಗಳೂರು ಕಡೆಯವರು. ಮದುವೆಯಾದಾಗಿನಿಂದ ದುಬೈಯಲ್ಲೇ ಇದ್ದೇವೆ. ಈ ನವೆಂಬರಿನಲ್ಲಿ ಕೆನಡಾದ ಕ್ಯಾಲ್ಗರಿಗೆ ಹೋಗುತ್ತಿದ್ದೇವೆ. ಮಕ್ಕಳಿಗೆ 7 ಮತ್ತು 3 ವರ್ಷ. ಮೈನಸ್ 30 ಎಂದು ಕೇಳಿಯೇ ನನ್ನ ಹೆಂಡತಿ ಹೆದರಿದ್ದಾಳೆ. ದಪ್ಪ ಜಾಕೆಟ್‌ಗಳನ್ನು ಇಲ್ಲಿಂದಲೇ ಕೊಂಡೊಯ್ಯಬೇಕಾ? ಮೊದಲ ಚಳಿಗಾಲಕ್ಕೆ ಹೇಗೆ ತಯಾರಾಗಬೇಕು?

ಉತ್ತರ: ಬೇಡ. ದುಬೈ ಮಾಲಿನಲ್ಲಿ ಸಿಗುವ ಜಾಕೆಟ್ ಯುರೋಪ್ ಟೂರಿಗೆ ಸಾಕು, ಕ್ಯಾಲ್ಗರಿಯ ಜನವರಿಗೆ ಸಾಲದು. ವಿಮಾನ ಇಳಿದು ಮನೆ ಸೇರುವವರೆಗೆ ತಲಾ ಒಂದು ಸಾಧಾರಣ ಜಾಕೆಟ್, ಟೋಪಿ, ಗ್ಲೌಸ್ ಇದ್ದರೆ ಆಯಿತು. ಅದನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಸೂಟ್‌ಕೇಸಿನ ತಳದಲ್ಲಿದ್ದರೆ ಏರ್‌ಪೋರ್ಟ್ ಬಾಗಿಲಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಉಳಿದದ್ದನ್ನು ಅಲ್ಲೇ ಕೊಳ್ಳಿ. ಮಾರ್ಕ್ಸ್, ವಿನ್ನರ್ಸ್, ಕಾಸ್ಟ್‌ಕೊ ಎಲ್ಲ ಕಡೆ ಸಿಗುತ್ತದೆ. ಮಕ್ಕಳ ಸ್ನೋ ಪ್ಯಾಂಟು, ಬೂಟುಗಳಿಗೆ ವ್ಯಾಲ್ಯೂ ವಿಲೇಜ್‌ನಂಥ ಹಳೇ ಬಟ್ಟೆ ಅಂಗಡಿಗೇ ಹೋಗಿ. ಮುಂದಿನ ವರ್ಷ ಹೇಗೂ ಸಣ್ಣದಾಗುತ್ತದೆ, ಹೊಸದಕ್ಕೆ ಯಾಕೆ ಸುರಿಯಬೇಕು?

ಈಗ ಮೈನಸ್ 30ರ ವಿಷಯ. ಅದು ಬರುತ್ತದೆ, ಸುಳ್ಳಲ್ಲ. 2024ರ ಜನವರಿಯಲ್ಲಿ ಚಳಿ ಅದಕ್ಕೂ ಕೆಳಗೆ ಇಳಿದಿತ್ತು. ಕರೆಂಟ್ ಕಡಿಮೆ ಬಳಸಿ ಎಂದು 13ರ ಸಂಜೆ ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದ ಫೋನುಗಳಿಗೆಲ್ಲ ತುರ್ತು ಸಂದೇಶವೂ ಬಂದಿತ್ತು. ಆದರೆ ಅಷ್ಟು ಚಳಿ ಇಡೀ ಋತು ಇರುವುದಿಲ್ಲ. ಕೆಲವು ದಿನ ಕಾಡಿ ಹೋಗುತ್ತದೆ. ಜನವರಿಯ ರಾತ್ರಿಗಳು ಸರಾಸರಿ ಮೈನಸ್ 13ರ ಆಸುಪಾಸು. ಇನ್ನೊಂದು ಮಾತು: ದುಬೈಯಲ್ಲಿ ಜುಲೈ ತಿಂಗಳನ್ನು ಹೇಗೆ ಕಳೆಯುತ್ತೀರಿ? ಎಸಿ ಮನೆ, ಎಸಿ ಕಾರು, ಎಸಿ ಮಾಲು. ಕ್ಯಾಲ್ಗರಿಯ ಜನವರಿಯೂ ಹಾಗೇ, ಎಸಿ ಇದ್ದಲ್ಲಿ ಹೀಟರ್ ಅಷ್ಟೇ. ಊರಿನ ನಡುಭಾಗದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಸುಮಾರು 15 ಅಡಿ ಎತ್ತರದಲ್ಲಿ ಗಾಜಿನ ಸೇತುವೆಗಳ ಜಾಲವೇ ಇದೆ. ಅದರ ಹೆಸರೇ ಪ್ಲಸ್ 15. ಆಫೀಸು ಅಲ್ಲಿದ್ದರೆ ಊಟಕ್ಕೆ ಹೋಗಲು ಜಾಕೆಟ್ಟೇ ಬೇಡ.

ನನ್ನನ್ನು ಕೇಳಿದರೆ, ಕ್ಯಾಲ್ಗರಿಯಲ್ಲಿ ಹೆದರಬೇಕಾದದ್ದು ಚಳಿಗಿಂತ ಜಾಸ್ತಿ ಐಸಿಗೆ. ಅದಕ್ಕೆ ಕಾರಣ ಚಿನೂಕ್ ಎಂಬ ಗಾಳಿ. ಪೆಸಿಫಿಕ್ ಸಾಗರದ ಕಡೆಯಿಂದ ಬರುವ ತೇವದ ಗಾಳಿ ರಾಕಿ ಬೆಟ್ಟಗಳನ್ನು ಏರುವಾಗ ತನ್ನಲ್ಲಿದ್ದ ನೀರನ್ನೆಲ್ಲ ಆ ಮಗ್ಗುಲಲ್ಲೇ ಸುರಿಸಿಬಿಡುತ್ತದೆ. ಒಣಗಿದ ಗಾಳಿ ಈ ಕಡೆ ಇಳಿಯುತ್ತಾ ಬಿಸಿಯಾಗುತ್ತದೆ. ಘಟ್ಟದ ಮಳೆ ನೋಡಿದವರಿಗೆ ಇದರ ಅರ್ಧ ಕಥೆ ಗೊತ್ತೇ ಇರುತ್ತದೆ. ಕ್ಯಾಲ್ಗರಿ ಇರುವುದು ಈ ಗಾಳಿ ಇಳಿಯುವ ದಾರಿಯಲ್ಲಿ. ಪಶ್ಚಿಮದ ಆಕಾಶದಲ್ಲಿ ಮೋಡ ಕಮಾನಿನ ಹಾಗೆ ನಿಂತರೆ ಚಿನೂಕ್ ಬಂತು ಎಂದೇ ಲೆಕ್ಕ. ಕೆಲವೇ ಗಂಟೆಗಳಲ್ಲಿ 20 ಡಿಗ್ರಿ ಏರುವುದೂ ಉಂಟು. ಜನವರಿಯಲ್ಲಿ ಜನ ಟೀ ಶರ್ಟಿನಲ್ಲಿ ತಿರುಗುತ್ತಾರೆ. ಕೆಲವರಿಗೆ ಮಾತ್ರ ಈ ಗಾಳಿ ಬಂದರೆ ತಲೆನೋವು.

ಖುಷಿಯೇ ಅಲ್ವಾ? ಹಗಲಿಗೆ ಖುಷಿ. ಕರಗಿದ ಹಿಮವೆಲ್ಲ ಫುಟ್‌ಪಾತಿನಲ್ಲಿ ನೀರಾಗಿ ಹರಡಿ, ರಾತ್ರಿ ಮತ್ತೆ ಗಡ್ಡೆ ಕಟ್ಟುತ್ತದೆ. ಕೆಲವು ಸಲ ಕಣ್ಣಿಗೇ ಕಾಣದಷ್ಟು ತೆಳು. ಹೊಸದಾಗಿ ಬಂದವರು ಜಾಕೆಟ್‌ಗೆ ನೂರಾರು ಡಾಲರ್ ಕೊಟ್ಟು, ಕಾಲಿಗೆ ಮಾತ್ರ ಊರಿನ ಸ್ಪೋರ್ಟ್ಸ್ ಶೂ ಹಾಕುತ್ತಾರೆ. ಆಮೇಲೆ ಕೈಗೆ ಪ್ಲಾಸ್ಟರ್. ಹಾಗಾಗಿ ದುಡ್ಡನ್ನು ಮೊದಲು ಬೂಟಿಗೆ ಹಾಕಿ. ಅಡಿ ಮೆದು ರಬ್ಬರಿನದಿರಲಿ, ಗೀರು ಆಳವಾಗಿರಲಿ, ಒಳಗೆ ದಪ್ಪ ಉಣ್ಣೆ ಸಾಕ್ಸ್ ಹಿಡಿಯುವಷ್ಟು ಜಾಗವಿರಲಿ. ಬಿಗಿಯಾದ ಬೂಟಿನಲ್ಲಿ ಕಾಲು ಬೇಗ ತಣ್ಣಗಾಗುತ್ತದೆ. ಬೂಟಿನ ಮೇಲೆ ಎಳೆದು ಹಾಕುವ ಹಲ್ಲಿನ ಪಟ್ಟಿ ಸಿಗುತ್ತದೆ, ಕ್ಲೀಟ್ಸ್ ಎನ್ನುತ್ತಾರೆ. ಅದು ಒಂದು ಜೊತೆ ಬಾಗಿಲ ಹತ್ತಿರವೇ ಇರಲಿ. ನಡೆಯುವಾಗ ಸಣ್ಣ ಹೆಜ್ಜೆ, ಪಾದ ಪೂರ್ತಿ ಊರಿ, ಕೈ ಜೇಬಿನಿಂದ ಹೊರಗೆ.

ದುಬೈ ಫ್ಲ್ಯಾಟಿನಲ್ಲಿ ವಾಚ್‌ಮನ್ ನೋಡಿಕೊಳ್ಳುವಂಥ ಕೆಲಸಗಳು ಇಲ್ಲಿ ನಿಮ್ಮ ಪಾಲಿಗೆ ಬರುತ್ತವೆ. ಹಿಮ ಬಿದ್ದು ನಿಂತ 24 ಗಂಟೆಯೊಳಗೆ ಮನೆ ಮುಂದಿನ ಫುಟ್‌ಪಾತ್ ಗುಡಿಸಬೇಕು, ಇಲ್ಲದಿದ್ದರೆ ನಗರಸಭೆ ದಂಡ ಹಾಕಬಹುದು. ಬಾಡಿಗೆ ಮನೆಯಾದರೆ ಗುಡಿಸುವುದು ನೀವೋ ಮಾಲೀಕರೋ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಹೊಸಬರು ಬಾಡಿಗೆ ಕಡಿಮೆ ಎಂದು ಬೇಸ್‌ಮೆಂಟ್ ಹಿಡಿಯುತ್ತಾರೆ. ತಪ್ಪೇನಿಲ್ಲ. ಆದರೆ ಹೀಟ್ ಏರಿಸಿ ಇಳಿಸುವ ಥರ್ಮೋಸ್ಟಾಟ್ ಹಲವು ಕಡೆ ಮೇಲಿನ ಮನೆಯಲ್ಲಿರುತ್ತದೆ. ಅವರು ರಾತ್ರಿ ಹೀಟ್ ಇಳಿಸಿ ಮಲಗಿದರೆ ನಡುಗುವುದು ನೀವು. ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಕೇಳಿ. ಬೇಸ್‌ಮೆಂಟ್ ನಗರಸಭೆಯಲ್ಲಿ ನೋಂದಣಿ ಆಗಿದೆಯಾ ಎಂದೂ ಕೇಳಿ. ಬೆಂಕಿ ಬಿದ್ದರೆ ಮಲಗುವ ಕೋಣೆಯ ಕಿಟಕಿಯಿಂದ ಹೊರಬರಲು ಆಗಬೇಕು.

ಕಾರು ಕೊಳ್ಳುವುದಾದರೆ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಇದೆಯಾ ನೋಡಿ. ಬಾನೆಟ್ ಮುಂದೆ ಪ್ಲಗ್ ನೇತಾಡುತ್ತಿದ್ದರೆ ಇದೆ ಎಂದರ್ಥ. ಕಡು ಚಳಿಯ ರಾತ್ರಿ ಸ್ಟಾರ್ಟ್ ಮಾಡುವ ನಾಲ್ಕು ಗಂಟೆ ಮುಂಚೆ ಅದಕ್ಕೆ ಕರೆಂಟ್ ಕೊಟ್ಟರೆ ಸಾಕು. ವಿಂಟರ್ ಟೈರ್ ಆಲ್ಬರ್ಟಾದಲ್ಲಿ ಕಡ್ಡಾಯವಲ್ಲ, ಆದರೂ ಹಾಕಿಸಿ. 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರಿನ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಬ್ಯಾನ್ಫ್ ದಾಟಿ ಪಕ್ಕದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕಡೆ ಹೋದರೆ ಅಲ್ಲಿನ ಬೆಟ್ಟದ ಹೈವೇಗಳಲ್ಲಿ ಅಕ್ಟೋಬರ್ 1ರಿಂದ ಅದು ಕಾನೂನೇ.

ಮಕ್ಕಳ ಬಗ್ಗೆ ಚಿಂತೆ ಬೇಡ, ಅವರು ನಿಮಗಿಂತ ಮುಂಚೆ ಹೊಂದಿಕೊಳ್ಳುತ್ತಾರೆ. ಶಾಲೆಯಲ್ಲಿ ಚಳಿಯಿದ್ದರೂ ಹೊರಗೆ ಆಡಲು ಬಿಡುತ್ತಾರೆ, ಹಾಗಾಗಿ ಸ್ನೋ ಪ್ಯಾಂಟು ದಿನಾ ಬೇಕು. ಬೆರಳು ಬೆರಳಿನ ಗ್ಲೌಸ್‌ಗಿಂತ ಚೀಲದಂಥ ಮಿಟನ್ಸ್ ಬೆಚ್ಚಗೆ. ಚಿಕ್ಕ ಮಗುವನ್ನು ದಪ್ಪ ಜಾಕೆಟ್ ಸಮೇತ ಕಾರ್ ಸೀಟಿನಲ್ಲಿ ಕಟ್ಟಬೇಡಿ. ಬೆಲ್ಟು ಬಿಗಿಯಾದಂತೆ ಕಂಡರೂ ಒಳಗೆ ಸಡಿಲ ಇರುತ್ತದೆ. ಬೆಲ್ಟು ಕಟ್ಟಿ, ಜಾಕೆಟನ್ನು ಮೇಲೆ ಹೊದಿಸಿ. ಹವಾಮಾನ ನೋಡುವಾಗ ವಿಂಡ್ ಚಿಲ್ ಅಂಕಿ ನೋಡಿ, ಅಂದರೆ ಗಾಳಿಯೂ ಸೇರಿ ಮೈಗೆ ಎಷ್ಟು ಚಳಿ ಅನಿಸುತ್ತದೆ ಎಂಬುದು. ಅದು ಮೈನಸ್ 28ರಿಂದ 39ರ ನಡುವೆ ಇದ್ದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು.

ಬಂದ ವಾರದಲ್ಲೇ ಆಲ್ಬರ್ಟಾ ಹೆಲ್ತ್ ಕಾರ್ಡಿಗೆ, ಅಂದರೆ ಸರ್ಕಾರಿ ಆರೋಗ್ಯ ವಿಮೆಗೆ, ಅರ್ಜಿ ಹಾಕಿ. ಮೂರು ತಿಂಗಳೊಳಗೆ ಹಾಕಿದರೆ ಬಂದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಪ್ರೀಮಿಯಂ ಇಲ್ಲ.

ಉಳಿದದ್ದು ಅಡುಗೆಮನೆ. ಮನೆ ಬಿಸಿ ಮಾಡುವ ಫರ್ನೇಸ್ ಓಡುವಾಗ ಒಳಗಿನ ಗಾಳಿ ವಿಪರೀತ ಒಣ. ಮೂಗಿನಲ್ಲಿ ರಕ್ತ ಬರುವುದು ಮಾಮೂಲು, ಗಾಳಿಗೆ ತೇವ ಸೇರಿಸುವ ಒಂದು ಹ್ಯುಮಿಡಿಫೈಯರ್ ಇಟ್ಟುಕೊಳ್ಳಿ. ಕಿಟಕಿ ತೆಗೆಯಲಾಗದ ಕಾರಣ ಒಗ್ಗರಣೆ ಹಾಕಿದ ಕೂಡಲೇ ಸ್ಮೋಕ್ ಅಲಾರಂ ಕೂಗುತ್ತದೆ. ಬ್ಯಾಟರಿ ಕಿತ್ತು ಸುಮ್ನಾಗಿಸಬೇಡಿ, ಒಲೆ ಮೇಲಿನ ಫ್ಯಾನ್ ಮೊದಲೇ ಹಾಕಿ. ಜಾಕೆಟ್‌ಗಳನ್ನು ಬಾಗಿಲಿರುವ ಕಪಾಟಿನಲ್ಲಿ ತೂಗುಹಾಕಿ, ಇಲ್ಲದಿದ್ದರೆ ವಾಸನೆ ಅಂಟಿಕೊಂಡು, ನೀವು ಹತ್ತಿದ ಇಡೀ ರೈಲಿಗೆ ನಿಮ್ಮನೆ ಬೆಳ್ಳುಳ್ಳಿ ಒಗ್ಗರಣೆಯ ಪರಿಚಯ ಆಗುತ್ತದೆ. ತೆಂಗಿನೆಣ್ಣೆ ಗಟ್ಟಿಯಾಗೇ ಇರುತ್ತದೆ, ಅಗಲ ಬಾಯಿಯ ಬಾಟಲಿಗೆ ಹಾಕಿಡಿ. ದೋಸೆ ಹಿಟ್ಟು ಅಡುಗೆಮನೆ ಕಟ್ಟೆ ಮೇಲಿಟ್ಟರೆ ಸರಿಯಾಗಿ ಹುಳಿ ಬರುವುದಿಲ್ಲ. ಓವನ್ ಒಳಗಿಟ್ಟು ಬರೀ ಲೈಟ್ ಹಾಕಿ, ಬೆಳಗ್ಗೆಗೆ ಉಬ್ಬಿರುತ್ತದೆ. ಬಾಗಿಲಿಗೊಂದು ಚೀಟಿಯನ್ನೂ ಅಂಟಿಸಿ, ಒಳಗೆ ಹಿಟ್ಟಿದೆ ಎಂದು. ಯಾರಾದರೂ ಗೊತ್ತಿಲ್ಲದೆ ಓವನ್ ಆನ್ ಮಾಡಿಬಿಡುತ್ತಾರೆ.